ರಾತ್ರಿಪಾಳಿಯ ದಾದಿ ಮತ್ತು ಹೆಚ್ಚಿನ ಸಂಬಳ

ಹೆಚ್ಚಿನ ಸಂಬಳ ಕೊಡುವುದಾದರೆ ದಾದಿಯರು ರಾತ್ರಿಪಾಳಿಯನ್ನು ಒಪ್ಪಿಕೊಳ್ಳಬೇಕೆ, ಬೇಡವೆ? ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಈ ಪ್ರಶ್ನೆ ಬರುತ್ತದೆ. ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಹೊರಟ ತಂದೆತಾಯಿಗಳು ಇದನ್ನು ಕೇಳುತ್ತಾರೆ. ಸೊಸೆ ದಾದಿಯಾಗಿರುವ ಮನೆಗಳಲ್ಲಂತೂ ಇದು ತಿಂಗಳಿಗೊಮ್ಮೆಯಾದರೂ ಏಳುವ ಮಾತು. ನಾನು 1982ರಿಂದ 2017ರವರೆಗೆ ಸರಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದವಳು. ಕೊನೆಯ ಹನ್ನೊಂದು ವರ್ಷ ಶುಶ್ರೂಷಾ ಅಧೀಕ್ಷಕಿಯ ಕುರ್ಚಿಯಲ್ಲಿ ಕುಳಿತು, ಯಾವ ವಾರ ಯಾರು ರಾತ್ರಿಗೆ ಬರಬೇಕೆಂಬ ಪಟ್ಟಿಯನ್ನು ಬರೆದವಳು. ಆ ಪಟ್ಟಿ ಗೋಡೆಗೆ ಬಿದ್ದ ದಿನ ಎಷ್ಟು ಮಂದಿಯ ಮುಖ ಸಣ್ಣಗಾಗುತ್ತಿತ್ತೆಂಬುದನ್ನು ಬಲ್ಲೆ. ಆದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಹೇಳಬಹುದೆಂದು ಭಾವಿಸಿದ್ದೇನೆ.

ರಾತ್ರಿ ಯಾರೋ ಒಬ್ಬರು ಎಚ್ಚರವಿರಲೇಬೇಕು ಎಂಬುದರಲ್ಲಿ ವಾದವಿಲ್ಲ. ಹೆರಿಗೆಯ ನೋವು ಹೊತ್ತು ನೋಡಿ ಬರುವುದಿಲ್ಲ. ಉಬ್ಬಸದವರ ಕಷ್ಟ ಹೆಚ್ಚುವುದೇ ನಡುರಾತ್ರಿಯ ಮೇಲೆ. ಹಾಗಿರುವಾಗ ರಾತ್ರಿಪಾಳಿ ಬೇಕೆ ಬೇಡವೆ ಎಂದು ಕೇಳುವುದಕ್ಕಿಂತ, ಅದನ್ನು ಯಾರು ಮಾಡಬೇಕು, ಎಷ್ಟು ರಾತ್ರಿ ಮಾಡಬೇಕು, ಮಾಡಿದುದಕ್ಕೆ ಏನನ್ನು ಕೊಡಬೇಕು ಎಂದು ಕೇಳುವುದು ಲೇಸು. ಹಣವನ್ನಷ್ಟೇ ಕೊಟ್ಟರೆ ಸಾಕೆ ಎಂಬ ಮಾತು ಆಗ ತಾನಾಗಿ ಎದುರಿಗೆ ಬರುತ್ತದೆ.

ಹೆಂಗಸರ ರಾತ್ರಿ ದುಡಿಮೆಯ ವಿಚಾರದಲ್ಲಿ ಕಾನೂನು ನಡೆದುಬಂದ ದಾರಿ ಸ್ವಲ್ಪ ವಿಚಿತ್ರವಾದುದು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ 66ನೆಯ ಪ್ರಕರಣ, ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದು ವಿಧಿಸಿತ್ತು. ಆಸ್ಪತ್ರೆ ಕಾರ್ಖಾನೆಯಲ್ಲವಷ್ಟೆ, ದಾದಿಗೆ ಆ ನಿಷೇಧ ಅನ್ವಯಿಸಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೆಂಗಸರ ರಾತ್ರಿ ಕೆಲಸವನ್ನು ಕುರಿತು ಮಾಡಿದ ಒಪ್ಪಂದವೂ, ಸಾಮಾನ್ಯವಾಗಿ ಮೈಮುರಿದು ದುಡಿಯುವ ಕೆಲಸದಲ್ಲಿಲ್ಲದ ಆರೋಗ್ಯಸೇವೆಯ ಹೆಂಗಸರನ್ನು ಹೊರಗಿಟ್ಟಿತು. ಎಪ್ಪತ್ತು ಕಿಲೋ ತೂಕದ ರೋಗಿಯನ್ನು ಎತ್ತಿ ಮಗ್ಗುಲು ಬದಲಿಸುವುದು ಮೈಮುರಿಯುವ ಕೆಲಸವಲ್ಲವೆಂದು ಆ ಮಹನೀಯರಿಗೆ ತೋರಿರಬೇಕು! ಉಳಿದ ಹೆಂಗಸರಿಗೆ ರಾತ್ರಿ ನಿಷಿದ್ಧವಾಗಿದ್ದ ಕಾಲದಲ್ಲೂ ದಾದಿಗೆ ಅದು ಕರ್ತವ್ಯವೇ ಆಗಿತ್ತು.

ಹೆಂಗಸರನ್ನು ರಾತ್ರಿಯಿಂದ ದೂರವಿಡುವುದೇ ಅವರಿಗೆ ರಕ್ಷಣೆಯೆಂಬ ಭಾವನೆ ಹಳೆಯದು. 1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲರನ್ನು ದೀಪ ಹಿಡಿದು ರಾತ್ರಿ ಸುತ್ತುವ ದೇವತೆಯಂತೆ ಚಿತ್ರಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಆದರೆ ತಮ್ಮ ಕೈಕೆಳಗಿನ ದಾದಿಯರನ್ನು ರಾತ್ರಿ ಎಂಟರ ಮೇಲೆ ವಾರ್ಡುಗಳಲ್ಲಿ ಅವರು ಇರಗೊಡುತ್ತಿರಲಿಲ್ಲವೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನೂರ ಎಪ್ಪತ್ತು ವರ್ಷಗಳ ಮೇಲೆ ಅದೇ ವಿಚಾರ ಇನ್ನೊಂದು ರೂಪದಲ್ಲಿ ನಮ್ಮಲ್ಲಿ ತಲೆಯೆತ್ತಿತು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯೊಬ್ಬಳು ಅತ್ಯಾಚಾರಕ್ಕೂ ಕೊಲೆಗೂ ಈಡಾದ ಬಳಿಕ ಪಶ್ಚಿಮ ಬಂಗಾಳ ಸರಕಾರ ಹೊರಡಿಸಿದ ಸೂಚನೆಗಳಲ್ಲಿ, ಸಾಧ್ಯವಾದೆಡೆಯೆಲ್ಲ ಹೆಂಗಸರಿಗೆ ರಾತ್ರಿ ಕೆಲಸವನ್ನು ತಪ್ಪಿಸಬೇಕೆಂಬ ಮಾತೂ ಇತ್ತು. ಮರುತಿಂಗಳು ಸರ್ವೋಚ್ಚ ನ್ಯಾಯಾಲಯ ಅದನ್ನು ಆಕ್ಷೇಪಿಸಿತು. ಭದ್ರತೆ ಒದಗಿಸುವುದು ಸರಕಾರದ ಹೊಣೆ, ಹೆಂಗಸರು ರಾತ್ರಿ ದುಡಿಯಬಾರದೆನ್ನುವುದು ಅದಕ್ಕೆ ಉತ್ತರವಲ್ಲ ಎಂಬುದು ನ್ಯಾಯಾಲಯದ ನಿಲುವು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗರನ್ನೂ ಇಲ್ಲಿ ನೆನೆಯಬೇಕು. 1973ರ ನವೆಂಬರ್ 27ರಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ, ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅವರ ಮೇಲೆ ಹಲ್ಲೆಯಾಯಿತು. 2015ರ ಮೇ ತಿಂಗಳಲ್ಲಿ ಕಣ್ಣು ಮುಚ್ಚುವವರೆಗೆ ಅಲ್ಲಿನ ದಾದಿಯರೇ ಅವರನ್ನು ನೋಡಿಕೊಂಡರು. ಬಟ್ಟೆ ಬದಲಿಸಲು ಚಿಲಕವಿರುವ, ಜನರ ಓಡಾಟವಿರುವ ಕಡೆ ಒಂದು ಕೋಣೆ ಬೇಕೆಂದು ದಾದಿಯರು ಕೇಳಿದಾಗ ಅದನ್ನು ಸೌಕರ್ಯದ ಪಟ್ಟಿಗೆ ಸೇರಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ದೇಹದ ಮಾತು. ನಮ್ಮ ಮೈಯೊಳಗೆ ಒಂದು ಗಡಿಯಾರವಿದೆಯೆಂಬುದು ಅಲಂಕಾರದ ಮಾತಲ್ಲ. ಜೀವಕೋಶಗಳೊಳಗಿನ ಆ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂತು. ಕಣ್ಣಿಗೆ ಬೀಳುವ ಬೆಳಕಿನಿಂದ ಮಿದುಳಿನ ಒಂದು ಸಣ್ಣ ಕೇಂದ್ರ ಹೊತ್ತನ್ನು ತಿಳಿಯುತ್ತದೆ. ಕತ್ತಲಾದಂತೆ ಮೆಲಟೋನಿನ್ ಎಂಬ ರಸ ಒಸರುತ್ತದೆ. ಮೈಯ ಶಾಖ ಇಳಿಯುತ್ತ ಹೋಗಿ ಬೆಳಗಿನ ಜಾವ ನಾಲ್ಕು ಐದರ ಸುಮಾರಿಗೆ ತೀರ ಕೆಳಗೆ ಬರುತ್ತದೆ. ಮನುಷ್ಯನ ಎಚ್ಚರವೂ ಅದರೊಡನೆಯೇ ಕುಗ್ಗುತ್ತದೆ.

ಈಗ ಒಂದು ವಾರ್ಡಿನ ರಾತ್ರಿಯನ್ನು ನೋಡಿ. ರಾತ್ರಿ ಎಂಟಕ್ಕೆ ಪಾಳಿ ವಹಿಸಿಕೊಂಡು, ಒಂಬತ್ತರ ಔಷಧಿ, ಹತ್ತರ ಚುಚ್ಚುಮದ್ದು ಮುಗಿಸಿದರೆ ನಡುವೆ ಒಂದಿಷ್ಟು ನೆಮ್ಮದಿ. ಆದರೆ ನಾಲ್ಕೂವರೆಯಿಂದ ಆರೂವರೆಯ ಒಳಗೆ ಕೆಲಸ ರಾಶಿ ಬೀಳುತ್ತದೆ. ಪ್ರಯೋಗಾಲಯಕ್ಕೆ ಕಳಿಸಬೇಕಾದ ರಕ್ತ ತೆಗೆಯಬೇಕು, ಎಲ್ಲರ ಜ್ವರ ನೋಡಬೇಕು, ಆರರ ಚುಚ್ಚುಮದ್ದುಗಳನ್ನು ಕಲಸಬೇಕು, ಏಳಲಾಗದವರ ಮೈಯೊರೆಸಿ ಹಾಸಿಗೆ ಬದಲಿಸಬೇಕು, ಶಸ್ತ್ರಚಿಕಿತ್ಸೆಗೆ ಹೋಗುವವರನ್ನು ಸಿದ್ಧಪಡಿಸಬೇಕು, ಇಷ್ಟರ ವರದಿಯನ್ನೂ ಬರೆಯಬೇಕು. ದೇಹದ ಎಚ್ಚರ ತೀರ ಕೆಳಗಿರುವ ಗಳಿಗೆಯಲ್ಲೇ ಕೈಯ ಕೆಲಸ ಅತ್ಯಂತ ಹೆಚ್ಚು. ಹಗಲಿನ ವೈದ್ಯರ ಸುತ್ತಿಗೆ ಎಲ್ಲವೂ ಅಣಿಯಾಗಿರಲೆಂದು ಯಾರೋ ಎಂದೋ ಮಾಡಿದ ಏರ್ಪಾಡು ಇದು. ರಕ್ತ ತೆಗೆಯುವುದನ್ನು ಏಳು ಗಂಟೆಗೆ ಮುಂದೂಡಿದರೆ ಪ್ರಪಂಚ ಮುಳುಗುವುದಿಲ್ಲ; ನನ್ನ ಕಾಲದಲ್ಲಿ ಎರಡು ವಾರ್ಡುಗಳಲ್ಲಿ ಹಾಗೆ ಮಾಡಿಯೂ ನೋಡಿದೆವು.

1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಒಂದು ಪರೀಕ್ಷೆ ನಡೆಸಿದರು. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವರ ಕೈಚಳಕವೂ ಗಮನವೂ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವರ ಮಟ್ಟಕ್ಕೆ ಇಳಿದಿದ್ದವು. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಕಳಿಸಿ, ಮನೆಗೆಲಸ ಮುಗಿಸಿ, ಕಣ್ಣು ಮುಚ್ಚಲು ಬಿಡುವಾಗದೆ ರಾತ್ರಿ ಎಂಟಕ್ಕೆ ಮೊದಲ ರಾತ್ರಿಪಾಳಿಗೆ ಬರುವ ದಾದಿ ಹನ್ನೊಂದು ಗಂಟೆಗೇ ಆ ಹದಿನೇಳನ್ನು ಮುಟ್ಟುತ್ತಾಳೆ. ಪಾಳಿ ಮುಗಿಯಲು ಇನ್ನೂ ಒಂಬತ್ತು ಗಂಟೆ ಉಳಿದಿರುತ್ತದೆ.

ಹಗಲು ನಿದ್ದೆ ಮಾಡಿಕೊಂಡರಾಯಿತು ಎನ್ನುವವರು ನಮ್ಮ ಮನೆಗಳನ್ನು ಕಂಡಿಲ್ಲವೆಂದೇ ಹೇಳಬೇಕು. ಪಾಳಿ ಒಪ್ಪಿಸಿ, ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಬೆಳಗಿನ ತಿಂಡಿಯ ಪಾತ್ರೆಗಳು ಕಾದಿರುತ್ತವೆ. ಸ್ನಾನ ಮುಗಿಸಿ, ಅನ್ನ ಸಾರು ಮಾಡಿಟ್ಟು, ಹನ್ನೊಂದಕ್ಕೆ ತಲೆ ಚೆಲ್ಲಿದರೆ ಪಕ್ಕದ ಮನೆಯ ಕುಕ್ಕರಿನ ಕೂಗು, ತರಕಾರಿ ಗಾಡಿಯವನ ಕೂಗು, ಗ್ಯಾಸಿನವನು ಬಾಗಿಲು ತಟ್ಟುವುದು. ಬೇಸಗೆಯಲ್ಲಿ ವಿದ್ಯುತ್ತು ಹೋಯಿತೆಂದರೆ ಅದೂ ಇಲ್ಲ. ಮೂರೂವರೆಗೆ ಮಕ್ಕಳು ಬರುತ್ತಾರೆ. ಇಷ್ಟರ ಮೇಲೆ, ಅವಳು ಹಗಲೆಲ್ಲ ಮನೆಯಲ್ಲೇ ಇರುತ್ತಾಳಲ್ಲ ಎಂದು ಬಂಧುಗಳ ಮನೆಯ ನಾಮಕರಣಕ್ಕೂ ಗೃಹಪ್ರವೇಶಕ್ಕೂ ಅವಳನ್ನೇ ಕಳಿಸುತ್ತಾರೆ. ವಾರವಿಡೀ ರಾತ್ರಿಪಾಳಿ ಮಾಡಿ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಮಲಗಿದೆನೆಂದು ಹೇಳಿದ ವಿವಾಹಿತ ದಾದಿಯರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಗಂಡಸು ದಾದಿಯರ ಪಾಡು ಬೇರೆ. ಅವರ ಮನೆಯಲ್ಲಿ ಹಗಲು ಅವರು ಮಲಗಿದ್ದರೆ ಬಾಗಿಲು ಮುಂದುಮಾಡಿ, ಮಕ್ಕಳಿಗೆ ಗದ್ದಲ ಮಾಡಬೇಡಿರೆಂದು ಹೇಳುವವರಿರುತ್ತಾರೆ.

ವರ್ಷಗಟ್ಟಲೆ ಹೀಗೆ ನಡೆದರೆ ಏನಾಗುತ್ತದೆಂಬುದನ್ನು ಜಗತ್ತಿಗೆ ತಿಳಿಸಿದವರೂ ದಾದಿಯರೇ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ದಾದಿಯರ ಆರೋಗ್ಯ ಅಧ್ಯಯನದಲ್ಲಿ 1,21,700 ದಾದಿಯರು ತಮ್ಮ ಬಾಳಿನ ವಿವರಗಳನ್ನು ಬರೆದುಕೊಡಲು ಒಪ್ಪಿದರು. ಮೂವತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸರದಿಯ ಮೇಲೆ ರಾತ್ರಿ ದುಡಿದವರಲ್ಲಿ ಸ್ತನದ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ನೂರಕ್ಕೆ 36ರಷ್ಟು ಹೆಚ್ಚಾಗಿ ಕಂಡಿತೆಂದು 2001ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೊಮ್ಮೆ, 2019ರಲ್ಲಿ ಮತ್ತೊಮ್ಮೆ ರಾತ್ರಿಪಾಳಿಯನ್ನು ಬಹುಶಃ ಕ್ಯಾನ್ಸರ್ ತರಬಹುದಾದ ಕಾರಣಗಳ ಗುಂಪಿಗೆ ಸೇರಿಸಿತು. ಡೆನ್ಮಾರ್ಕಿನಲ್ಲಿ ದೀರ್ಘಕಾಲ ರಾತ್ರಿ ದುಡಿದು ಸ್ತನದ ಕ್ಯಾನ್ಸರಿಗೆ ತುತ್ತಾದ ಸುಮಾರು ನಲವತ್ತು ಮಂದಿ ಹೆಂಗಸರಿಗೆ ಪರಿಹಾರವನ್ನೂ ಕೊಟ್ಟರು. ಆದರೆ ‘ಬಹುಶಃ’ ಎಂಬ ಪದವನ್ನು ಮರೆಯಬಾರದು. 2016ರಲ್ಲಿ ಬ್ರಿಟನ್ನಿನಲ್ಲಿ ಬಂದ ದೊಡ್ಡ ಅಧ್ಯಯನಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಕೇಳುಗರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ವಾರಕ್ಕೊಂದೆರಡು ರಾತ್ರಿ, ನಡುವೆ ವಿಶ್ರಾಂತಿ, ಹೀಗಿದ್ದರೆ ಗಟ್ಟಿಮುಟ್ಟಾದವರು ತಾಳಿಕೊಳ್ಳುತ್ತಾರೆ. ನನಗೆ ಕಳವಳ ತರುವುದು ಸತತ ರಾತ್ರಿ.

ಇಷ್ಟಕ್ಕೆ ಪ್ರತಿಯಾಗಿ ಸಿಗುವ ಹಣವೆಷ್ಟು? ಕೇಂದ್ರ ಸರಕಾರದ ನೌಕರರ ರಾತ್ರಿ ಭತ್ಯೆಯನ್ನು ಕುರಿತು 2020ರ ಜುಲೈಯಲ್ಲಿ ಒಂದು ಆದೇಶ ಹೊರಟಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಒಂದೊಂದು ಗಂಟೆಗೂ ಹತ್ತು ನಿಮಿಷವನ್ನು ಹೆಚ್ಚಾಗಿ ಲೆಕ್ಕ ಹಿಡಿಯಬೇಕು. ಮೂಲವೇತನ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿ 200ರಿಂದ ಭಾಗಿಸಿದರೆ ಒಂದು ಗಂಟೆಯ ದರ. ಮೂಲವೇತನ 43,600 ರೂಪಾಯಿ ಮೀರಿದವರಿಗೆ ಈ ಭತ್ಯೆ ಇಲ್ಲ. ತುಟ್ಟಿಭತ್ಯೆಯನ್ನು ಬದಿಗಿಟ್ಟು ಆ ಮಿತಿಯ ಮೇಲೇ ಲೆಕ್ಕ ಹಾಕಿದರೆ ಒಂದು ರಾತ್ರಿಗೆ ಬರುವುದು ಸುಮಾರು 290 ರೂಪಾಯಿ. ತಮಾಷೆಯೆಂದರೆ, ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಕೇಂದ್ರದ ದಾದಿಯ ಮೂಲವೇತನ ಆರಂಭವಾಗುವುದೇ 44,900ರಿಂದ. ಈ ನಿಯಮವನ್ನು ಹಿಡಿದು ನೋಡಿದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಮಿತಿಯಿಂದಾಚೆಗೆ ನಿಲ್ಲುತ್ತಾಳೆ! ದಾದಿಯರಿಗೆಂದೇ ಇರುವ ಶುಶ್ರೂಷಾ ಭತ್ಯೆಯನ್ನು 2017ರಲ್ಲಿ ತಿಂಗಳಿಗೆ 7,200ಕ್ಕೆ ಏರಿಸಿದರು, ನಿಜ. ಅದು ರಾತ್ರಿ ಮಾಡಿದವಳಿಗೂ ಮಾಡದವಳಿಗೂ ಒಂದೇ.

ಖಾಸಗಿ ಆಸ್ಪತ್ರೆಗಳಲ್ಲಿ ಅದಕ್ಕೂ ಮೊದಲಿನ ಮಾತೇ ಬಗೆಹರಿದಿಲ್ಲ. ದಾದಿಯರ ಸಂಘ ಹೂಡಿದ ದಾವೆಯಲ್ಲಿ 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಸೂಚನೆಯಂತೆ ನೇಮಕವಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ರಾಜ್ಯ ಸರಕಾರದ ದಾದಿಗೆ ಸಮನಾದ ಸಂಬಳವನ್ನೂ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ 20,000ಕ್ಕೆ ಇಳಿಯದ ಸಂಬಳವನ್ನೂ ಶಿಫಾರಸು ಮಾಡಿತು. ಶಿಫಾರಸು ಆಜ್ಞೆಯಲ್ಲವಷ್ಟೆ.

ನನ್ನ ತಂಗಿಯ ಮಗಳೊಬ್ಬಳು ಅಂಥದೊಂದು ಸಣ್ಣ ಆಸ್ಪತ್ರೆಯಲ್ಲಿದ್ದಾಳೆ. ನಲವತ್ತು ಹಾಸಿಗೆ, ಮೂರು ಮಹಡಿ, ಹದಿನಾರು ದಾದಿಯರು. ಅವಳ ಸಂಬಳ 19,000. ನರ್ಸಿಂಗ್ ಓದಲು ಮಾಡಿದ ಬ್ಯಾಂಕಿನ ಸಾಲ ಇನ್ನೂ ತೀರಿಲ್ಲ. ಒಂದು ದಿನ ಫೋನು ಮಾಡಿ, “ದೊಡ್ಡಮ್ಮ, ಸರದಿಯನ್ನು ತೆಗೆದುಹಾಕಿ ಇಷ್ಟವಿದ್ದವರಿಗೆ ಕಾಯಂ ರಾತ್ರಿಪಾಳಿ ಕೊಡುತ್ತಾರಂತೆ. ತಿಂಗಳಿಗೆ ಇಪ್ಪತ್ತನಾಲ್ಕು ರಾತ್ರಿ, ಆರು ಸಾವಿರ ಹೆಚ್ಚಿಗೆ. ಒಪ್ಪಲೆ?” ಎಂದು ಕೇಳಿದಳು.

ಕಾಗದ ಪೆನ್ಸಿಲು ತೆಗೆದುಕೊ ಎಂದೆ. ಹಗಲಿನ ಪಾಳಿ ಎಂಟು ಗಂಟೆ, ತಿಂಗಳಿಗೆ ಇಪ್ಪತ್ತಾರು ದಿನ. ಒಟ್ಟು 208 ಗಂಟೆ. 19,000ವನ್ನು ಭಾಗಿಸಿದರೆ ಗಂಟೆಗೆ 91 ರೂಪಾಯಿ. ರಾತ್ರಿಯದು ಹನ್ನೆರಡು ಗಂಟೆಯ ಪಾಳಿ. ಇಪ್ಪತ್ತನಾಲ್ಕು ರಾತ್ರಿಗೆ 288 ಗಂಟೆ. 25,000ವನ್ನು ಭಾಗಿಸಿದರೆ ಗಂಟೆಗೆ 87 ರೂಪಾಯಿಯೂ ಪೂರ್ತಿ ಬರುವುದಿಲ್ಲ. ಹೆಚ್ಚಿನ ಸಂಬಳವೆಂದು ಕರೆದದ್ದು ಗಂಟೆಯ ಲೆಕ್ಕದಲ್ಲಿ ಕಡಿಮೆ ಸಂಬಳವಾಗಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ಕೈಗೆ ಬರುವುದು ಇಪ್ಪತ್ತೈದಲ್ಲವೆ?” ಎಂದಳು. ಅವಳ ಮಾತನ್ನು ತಳ್ಳಿಹಾಕಲು ನನಗಾಗಲಿಲ್ಲ. ಸಾಲದ ಕಂತು ಗಂಟೆಯ ದರವನ್ನು ಕೇಳುವುದಿಲ್ಲ.

ರಾತ್ರಿಪಾಳಿಗೆ ಹೆಚ್ಚು ಹಣ ಕೊಡುವುದು ನ್ಯಾಯವೇ ಸರಿ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ ದಾದಿಗೆ ವಾರದ ದಿನಗಳ ರಾತ್ರಿಯ ಗಂಟೆಗಳಿಗೆ ನೂರಕ್ಕೆ 30ರಷ್ಟು, ಭಾನುವಾರ 60ರಷ್ಟು ಹೆಚ್ಚಿಗೆ ಸಿಗುತ್ತದೆ. ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಹಗಲಿನ ಸಂಬಳವೇ ಬದುಕಿಗೆ ಸಾಲದಿರುವಲ್ಲಿ ರಾತ್ರಿಯ ಹೆಚ್ಚಳ ಭತ್ಯೆಯಾಗಿ ಉಳಿಯುವುದಿಲ್ಲ, ಮೊದಲೇ ಕೊಡಬೇಕಾಗಿದ್ದ ಸಂಬಳದ ಬಾಕಿಯಾಗುತ್ತದೆ. ಅದನ್ನು ಪಡೆಯಲು ನಿದ್ದೆ ಬಿಡುವವಳು ಇಷ್ಟಪಟ್ಟು ಒಪ್ಪಿದಳೆನ್ನುವುದು ಕಷ್ಟ. ಸಾಲವಿಲ್ಲದವಳು ಹಗಲಿಗೆ ಉಳಿಯುತ್ತಾಳೆ, ಸಾಲವಿದ್ದವಳು ರಾತ್ರಿಗೆ ಹೋಗುತ್ತಾಳೆ. ಸರದಿಯ ಪಟ್ಟಿಯಲ್ಲಿ ನೂರು ಕೊರತೆಯಿದ್ದರೂ ಹೊರೆಯನ್ನು ಅದು ಎಲ್ಲರ ಹೆಗಲಿಗೂ ಹಂಚುತ್ತಿತ್ತು.

ರಾತ್ರಿಪಾಳಿಯನ್ನೇ ಮೆಚ್ಚುವವರೂ ಇದ್ದಾರೆ. ಹಗಲು ಮಕ್ಕಳನ್ನು ನೋಡಿಕೊಳ್ಳಬೇಕಾದವರು, ಮುಂದಿನ ಪರೀಕ್ಷೆಗೆ ಕಟ್ಟಿದವರು, ವಾರ್ಡಿನ ಗದ್ದಲವಿಲ್ಲದೆ ರೋಗಿಯ ಬಳಿ ಕುಳಿತು ಮಾತಾಡಲು ಇಷ್ಟಪಡುವವರು. ಅಂಥವರ ಆಯ್ಕೆಯನ್ನು ನಾನು ಗೌರವಿಸುತ್ತಿದ್ದೆ. ಆದರೂ ಕಾಯಂ ರಾತ್ರಿಗೆ ಮೈ ಒಗ್ಗಿಬಿಡುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ಸುಳ್ಳು. ಮನೆಗೆ ಹೋಗುವ ದಾರಿಯಲ್ಲೇ ಬಿಸಿಲು ಕಣ್ಣಿಗೆ ಬೀಳುತ್ತದೆ. ರಜೆಯ ದಿನ ಎಲ್ಲರಂತೆ ಹಗಲಿನ ಬಾಳಿಗೆ ಮರಳುತ್ತಾರೆ. ಒಳಗಿನ ಗಡಿಯಾರ ಪೂರ್ತಿ ತಿರುಗುವುದು ಅಪರೂಪ.

ಇಲ್ಲಿ ಜಪಾನಿನ ದಾದಿಯರ ಕಥೆ ಉಪಯುಕ್ತವಾದುದು. 1965ರಲ್ಲಿ ಅಲ್ಲಿನ ಸರಕಾರಿ ನೌಕರರ ಪ್ರಾಧಿಕಾರ, ರಾತ್ರಿಪಾಳಿಯಲ್ಲಿ ಒಬ್ಬಳೇ ದಾದಿ ಇರಕೂಡದು, ಒಬ್ಬಳಿಗೆ ತಿಂಗಳಿಗೆ ಎಂಟು ರಾತ್ರಿಗಿಂತ ಹೆಚ್ಚು ಬೀಳಕೂಡದು ಎಂದು ತೀರ್ಮಾನ ಕೊಟ್ಟಿತು. ತೀರ್ಮಾನ ಕಾಗದದಲ್ಲೇ ಉಳಿಯಿತು. 1968ರಲ್ಲಿ ನೀಗಾಟ ಪ್ರಾಂತದ ಆಸ್ಪತ್ರೆಗಳ ದಾದಿಯರು ಅದನ್ನು ಜಾರಿಗೆ ತರಲೇಬೇಕೆಂದು ಹೋರಾಟಕ್ಕಿಳಿದರು. ಅದು ದೇಶದುದ್ದಕ್ಕೂ ಹಬ್ಬಿತು. ಆ ಹೋರಾಟಕ್ಕೆ ಅವರಿಟ್ಟ ಹೆಸರು ‘ನಿಪ್ಪಾಚಿ’, ಅವರ ಭಾಷೆಯಲ್ಲಿ ಎರಡು ಮತ್ತು ಎಂಟು. ಘೋಷಣೆಯ ಆ ಎರಡು ಅಂಕಿಗಳಲ್ಲಿ ಹಣದ ಸುದ್ದಿಯೇ ಇಲ್ಲದಿರುವುದನ್ನು ಗಮನಿಸಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1990ರ ರಾತ್ರಿ ಕೆಲಸದ ಒಪ್ಪಂದವೂ ಪರಿಹಾರದ ಬಗೆಗಳನ್ನು ಎಣಿಸುವಾಗ ಕೆಲಸದ ಅವಧಿಯನ್ನು ಮೊದಲು, ಸಂಬಳವನ್ನು ಆಮೇಲೆ ಹೆಸರಿಸುತ್ತದೆ. ಕಳೆದುಕೊಂಡದ್ದು ನಿದ್ದೆಯಾದರೆ ಮರಳಿ ಕೊಡಬೇಕಾದುದರಲ್ಲಿ ಮೊದಲನೆಯದು ಹೊತ್ತು.

ಇಬ್ಬರು ಏಕೆ ಬೇಕೆಂದು ಕೇಳುವವರಿಗೆ ಒಂದೇ ಉದಾಹರಣೆ ಸಾಕು. ನಡುರಾತ್ರಿ ಒಬ್ಬ ರೋಗಿಯ ಉಸಿರು ನಿಂತಿತೆನ್ನಿ. ಒಬ್ಬಳೇ ಇದ್ದರೆ ಅವಳು ಎದೆಯೊತ್ತಬೇಕೆ, ವೈದ್ಯರನ್ನು ಕರೆಯಲು ಓಡಬೇಕೆ?

ತಂಗಿಯ ಮಗಳಿಗೆ ನಾನು ಪಟ್ಟಿ ಬರೆಯುವವಳ ಲೆಕ್ಕವನ್ನೂ ಹೇಳಿಕೊಟ್ಟೆ. ಮೂರು ಮಹಡಿಗೆ ಇಬ್ಬಿಬ್ಬರಂತೆ ರಾತ್ರಿಗೆ ಆರು ಮಂದಿ. ಮೂವತ್ತು ರಾತ್ರಿಗೆ 180 ಸರದಿ. ತಲೆಗೆ ಎಂಟರಂತೆ ಹಂಚಿದರೆ ಇಪ್ಪತ್ತಮೂರು ದಾದಿಯರು ಬೇಕು. ಅಲ್ಲಿರುವವರು ಹದಿನಾರು. ಆಡಳಿತದವರ ಯೋಜನೆಯಲ್ಲಿ ಮಹಡಿಗೊಬ್ಬಳಂತೆ 90 ಸರದಿ, ತಲೆಗೆ ಇಪ್ಪತ್ತನಾಲ್ಕು; ನಾಲ್ವರು ಸಾಕು. ನಾಲ್ವರಿಗೆ ಆರಾರು ಸಾವಿರ ಹೆಚ್ಚಿಗೆ ಕೊಟ್ಟರೆ ಏಳು ಮಂದಿಯ ನೇಮಕ ತಪ್ಪುತ್ತದೆ. ಯೋಜನೆಯ ಹುಟ್ಟು ಎಲ್ಲಿಂದ ಎಂಬುದು ಅವಳಿಗೆ ಆಗ ತಿಳಿಯಿತು. ಒಪ್ಪಬೇಡವೆಂದು ನಾನು ಹೇಳಲಿಲ್ಲ. ಒಪ್ಪುವ ಮೊದಲು ಉಳಿದವರೊಡನೆ ಕೂಡಿ ಕೇಳಬೇಕಾದುದನ್ನು ಬರೆದು ಕೇಳಿರೆಂದೆ: ರಾತ್ರಿಯ ಗಂಟೆಯ ದರ ಹಗಲಿನದಕ್ಕಿಂತ ಹೆಚ್ಚಿರಬೇಕು; ಮಹಡಿಗೆ ಇಬ್ಬರಿರಬೇಕು; ಸತತ ಮೂರು ರಾತ್ರಿಯ ಮೇಲೆ ಎರಡು ದಿನ ಬಿಡುವಿರಬೇಕು; ಬೇಡವೆನಿಸಿದವಳು ಸಂಬಳ ಕಳೆದುಕೊಳ್ಳದೆ ಸರದಿಗೆ ಮರಳುವಂತಿರಬೇಕು.

ಹದಿನಾರರಲ್ಲಿ ಹದಿಮೂರು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟರು. ಆರು ಸಾವಿರವನ್ನು ಒಂಬತ್ತಕ್ಕೆ ಏರಿಸಲು ಆಡಳಿತದವರು ಅದೇ ವಾರ ಒಪ್ಪಿದರು. ಬಿಡುವಿನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಎರಡನೆಯ ದಾದಿಯನ್ನು ಹೆರಿಗೆಯ ಮಹಡಿಗೆ ಮಾತ್ರ ಹಾಕಿದ್ದಾರೆ; ಉಳಿದೆರಡು ಮಹಡಿಗಳ ಮಾತು ಯುಗಾದಿಯ ಬಳಿಕ ಎಂದಿದ್ದಾರೆ. ನನ್ನ ತಂಗಿಯ ಮಗಳು ಕಾಯಂ ಪಾಳಿಯ ಪತ್ರಕ್ಕೆ ಈವರೆಗೆ ಸಹಿ ಹಾಕಿಲ್ಲ. ಹಳೆಯ ಸರದಿಯಲ್ಲೇ ನಡೆದಿದ್ದಾಳೆ. ಈ ವಾರ ಅವಳದು ರಾತ್ರಿ.